ಬೀಳದ ಮಾಳಿಗೆಯ ಕೆಳಗೆ

ಅದು 1992ನೇ ಇಸವಿ. ಸಿವಿಲ್ ಡಿಪ್ಲೊಮಾ ಮುಗಿಸಿ ಬಂಗಾರಪೇಟೆಯ ಒಬ್ಬ ಕಂಟ್ರಾಕ್ಟರನ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿ ನನಗೆ ಎರಡು ವರ್ಷವಾಗಿತ್ತು. ಕಾಮಸಮುದ್ರದ ಹತ್ತಿರದ ನಮ್ಮೂರಿನಲ್ಲಿ ಡಿಪ್ಲೊಮಾ ಓದಿದ ಮೊದಲ ಹುಡುಗಿ ನಾನೇ. ಈ ಮಾತನ್ನು ಬೇರೆ ಯಾರಾದರೂ ಹೇಳಲಿ ಎಂದು ಕಾಯುವ ತಾಳ್ಮೆ ಆಗ ನನಗಿರಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ನಾನೇ ಹೇಳಿಬಿಡುತ್ತಿದ್ದೆ.

ನಮ್ಮೂರಿಗೆ ಆಗ ಹಾಲಿನ ಡೇರಿಯೇ ದೊಡ್ಡ ಕಚೇರಿ. ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಹೆಂಗಸರು ಕ್ಯಾನು ಹಿಡಿದು ಸಾಲು ನಿಲ್ಲುತ್ತಿದ್ದರು. ಯಾರ ಹಸು ಕರು ಹಾಕಿತು, ಯಾರ ಸೊಸೆ ತವರಿಗೆ ಹೋದಳು, ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಯಾವ ಅಂಗಡಿಯವನು ಒಳ್ಳೆ ಸೀರೆ ತರಿಸಿದ್ದಾನೆ ಎಂಬ ಸುದ್ದಿಯೆಲ್ಲ ಹಾಲಿನ ಜೊತೆಗೇ ಅಲ್ಲಿ ಅಳತೆಯಾಗುತ್ತಿತ್ತು. ನನ್ನ ಸೋದರತ್ತೆ ಗಂಗಮ್ಮ ಆ ಸಾಲಿನಲ್ಲಿ ಯಾವಾಗಲೂ ಮುಂದೆ. ನನ್ನನ್ನು ಓದಿಸಲೇಬೇಕು ಎಂದು ಅಪ್ಪನ ಹತ್ತಿರ ಹಟ ಹಿಡಿದವಳು ಅವಳೇ. ತನಗೆ ಮಕ್ಕಳಿಲ್ಲದ್ದಕ್ಕೋ ಏನೋ, ನನ್ನ ಮೇಲೆ ಅವಳಿಗೆ ವಿಪರೀತ ಅಭಿಮಾನ.

ಆ ಡೇರಿಯ ಮಾಳಿಗೆ ಹಾಳಾಗಿತ್ತು. ನಮ್ಮ ಕಡೆ ಕಾಂಕ್ರೀಟ್ ಮಾಳಿಗೆಗೆ ‘ಮೋಲ್ಡ್’ ಎಂದೇ ಹೆಸರು. ಗಣಿಯವರು ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಕೆಜಿಎಫ್ ಸುತ್ತ ಬೆಟ್ಟದ ಹಾಗೆ ಗುಡ್ಡೆ ಹಾಕಿದ್ದಾರಲ್ಲ, ಆ ಸೈನೈಡ್ ಗುಡ್ಡದ ಪುಡಿಯನ್ನು ಯಾರೋ ಮರಳಿಗೆ ಬೆರೆಸಿ ಆ ಮೋಲ್ಡ್ ಹಾಕಿದ್ದರಂತೆ, ಅದಕ್ಕೇ ಒಳಗಿನ ಕಂಬಿ ತುಕ್ಕು ಹಿಡಿಯಿತು ಅಂತ ಊರಿನ ಮಾತು. ನಿಜವೋ ಸುಳ್ಳೋ ಗೊತ್ತಿಲ್ಲ. ದಿನಾ ತೊಳೆಯುವ ನೀರು, ಚೆಲ್ಲಿದ ಹಾಲಿನ ಹುಳಿ, ಅದರ ಆವಿಯೂ ಸೇರಿ ಕಂಬಿ ಉಬ್ಬಿ, ಒಂದು ದಿನ ಹಿಡಿಯಷ್ಟು ಗಾರೆ, ಹಾಲು ತುಂಬಿದ ಕ್ಯಾನಿನೊಳಕ್ಕೇ ಬಿತ್ತು. ಆವತ್ತಿನ ಹಾಲನ್ನು ಲಾರಿಯವರು ವಾಪಸ್ಸು ಕಳಿಸಿದರು.

ಡೇರಿಯ ಕಾರ್ಯದರ್ಶಿ ನಾರಾಯಣಸ್ವಾಮಿ ಅಣ್ಣ ನಮ್ಮ ಮನೆಗೇ ಬಂದು, ಹೊಸ ಮೋಲ್ಡ್ ಹಾಕಿಸಬೇಕು, ಹೇಗೆ ಹಾಕಿಸುವುದು ನೀನೇ ಹೇಳಮ್ಮ ಎಂದರು. ಕಾಫಿ ಕೊಡಲು ಬಂದ ಅತ್ತೆಯ ಮುಖ ಅರಳಿತ್ತು. ನಾನು ತುಕ್ಕೇ ಹಿಡಿಯದ ಕಂಬಿ ಹಾಕಿಸುತ್ತೇನೆ ಎಂದೆ.

ನನ್ನ ಜೊತೆ ಓದಿದ ಶ್ರೀನಿವಾಸ ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ಶೆಡ್ಡಿನಲ್ಲಿ ಫೈಬರ್ ಗ್ಲಾಸಿನ ಕೆಲಸ ಮಾಡುತ್ತಿದ್ದ. ತೊಟ್ಟಿಗಳ ಮುಚ್ಚಳ, ಸ್ಕೂಟರಿನ ಮಡ್‌ಗಾರ್ಡ್, ಹೀಗೆ ಏನೇನೋ. ಗಾಜಿನ ಎಳೆಗಳನ್ನು ಅಂಟಿನಲ್ಲಿ ನೆನೆಸಿ ಎಳೆದು ಉದ್ದುದ್ದ ಸಲಾಕೆ ಮಾಡುವುದನ್ನೂ ಕಲಿತಿದ್ದ. ಕಬ್ಬಿಣಕ್ಕಿಂತ ಎಷ್ಟೋ ಹಗುರ, ತುಕ್ಕಿನ ಮಾತೇ ಇಲ್ಲ. ಶೆಡ್ಡಿನ ತೊಲೆಗೆ ಸಲಾಕೆ ಕಟ್ಟಿ, ತೂಕ ನೇತುಹಾಕಿ ನಾವಿಬ್ಬರೂ ಪರೀಕ್ಷೆ ಮಾಡಿದೆವು. ಅಷ್ಟೇ ದಪ್ಪದ ಕಬ್ಬಿಣದ ಕಂಬಿ ಸೋತ ಮೇಲೂ ಅದು ಜಪ್ಪಯ್ಯ ಎನ್ನಲಿಲ್ಲ. ನನಗೆ ಭೂಮಿಯ ಮೇಲೆ ಕಾಲೇ ನಿಲ್ಲಲಿಲ್ಲ.

ಲೆಕ್ಕ ಹಾಕಲು ಕೂತೆ. ಸಲಾಕೆ ಎರಡರಷ್ಟು ಗಟ್ಟಿ ಎಂದಮೇಲೆ ಕಬ್ಬಿಣದಷ್ಟೇ ಯಾಕೆ ಹಾಕಬೇಕು? ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಕು ಎಂದು ಬರೆದೆ. ಮೋಲ್ಡಿನ ದಪ್ಪವನ್ನು ಎಲ್ಲ ಮನೆಗಳಿಗೂ ಹಾಕುವ ಹಾಗೆ ನಾಲ್ಕೂವರೆ ಇಂಚೇ ಇಟ್ಟೆ. ಗೋಡೆಯಿಂದ ಗೋಡೆಗೆ ಹದಿನಾಲ್ಕು ಅಡಿ. ಭಾರ ಎಷ್ಟು, ಸಲಾಕೆ ಎಷ್ಟು ಹೊರುತ್ತದೆ ಎಂದು ಮೂರು ಸಲ ತಾಳೆ ನೋಡಿದೆ. ಮೂರು ಸಲವೂ ಸರಿ ಬಂತು.

ಮೋಲ್ಡ್ ಹಾಕುವ ದಿನ ಊರೇ ಸೇರಿತ್ತು. ಕಂಬಿ ಕಟ್ಟುವ ಮೇಸ್ತ್ರಿ ಸಲಾಕೆಯ ತುದಿ ಬಗ್ಗಿಸಿ ಕೊಕ್ಕೆ ಮಾಡಲು ಹೋದರೆ ಅದು ಬಗ್ಗಲೇ ಇಲ್ಲ. ಇದೇನಮ್ಮ, ಮಾತು ಕೇಳದ ಕಂಬಿ ತಂದಿದ್ದೀಯ ಎಂದು ನಕ್ಕ. ಕಾಂಕ್ರೀಟ್ ಸುರಿದು ಕುಟ್ಟತೊಡಗಿದಾಗ ಹಗುರವಾದ ಸಲಾಕೆಗಳು ಮೇಲೆ ಮೇಲೆ ತೇಲಿ ಬರುತ್ತಿದ್ದವು. ಅವನ್ನು ಕೆಳಕ್ಕೆ ಒತ್ತಿ ತಂತಿಯಲ್ಲಿ, ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗೆ ಕೊಟ್ಟಿರುವ ಸೆಂಟ್ರಿಂಗ್ ಹಲಗೆಗೆ ಬಿಗಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಆದರೂ ಕೆಲಸ ಮುಗಿಯಿತು. ಮೂರು ವಾರ ಮೋಲ್ಡಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ನೀರು ಹಾಕುವ ಕೆಲಸವನ್ನು ಅತ್ತೆ ಬೇರೆಯವರಿಗೆ ಬಿಡಲಿಲ್ಲ.

ಸೆಂಟ್ರಿಂಗ್ ಬಿಚ್ಚಿದ ದಿನ ಏನೂ ಬೀಳಲಿಲ್ಲ. ಆದರೆ ಕೊನೆಯ ಮರ ತೆಗೆದು ಮೇಲೆ ನೋಡಿದರೆ ಮೋಲ್ಡಿನ ನಡುಭಾಗ ಕೆಳಕ್ಕೆ ಬಗ್ಗಿತ್ತು. ಹಳೆಯ ನುಲಿ ಮಂಚದಲ್ಲಿ ಯಾರೋ ಮಲಗಿದ್ದ ಹಾಗೆ. ನಡುವಿನಲ್ಲಿ ಉದ್ದಕ್ಕೂ ಕೂದಲೆಳೆಯಂಥ ಬಿರುಕುಗಳು. ಮೇಸ್ತ್ರಿ ತಲೆ ಕೆರೆದುಕೊಂಡು ನನ್ನ ಮುಖ ನೋಡಿದ. ಸ್ವಲ್ಪ ಬಗ್ಗುವುದು ಸಹಜ, ಬೀಳುವುದಿಲ್ಲ ಎಂದೆ. ಒಳಗೊಳಗೆ ನನಗೇ ಅನುಮಾನವಿದ್ದರೂ ಧ್ವನಿಯನ್ನು ಮಾತ್ರ ಗಟ್ಟಿ ಮಾಡಿಕೊಂಡಿದ್ದೆ.

ಮರುದಿನ ಹಾಲು ತಂದ ಹೆಂಗಸರು ಬಾಗಿಲಲ್ಲೇ ನಿಂತರು. ಒಬ್ಬಳು ಇಣುಕಿ ನೋಡಿ ಹಿಂದಕ್ಕೆ ಸರಿದಳು. ಅವಳ ಹಿಂದೆ ಇದ್ದವರೂ ಸರಿದರು. ನಾರಾಯಣಸ್ವಾಮಿ ಅಣ್ಣ ವಿಧಿಯಿಲ್ಲದೆ ಅಳತೆಯ ಪಾತ್ರೆಯನ್ನು ಆಚೆ ಜಗಲಿಗೆ ತಂದರು. ನನಗೆ ಮೈಯೆಲ್ಲ ಉರಿಯಿತು. ಇವರಿಗೆ ಲೆಕ್ಕ ಗೊತ್ತಾ, ಪುಸ್ತಕ ಗೊತ್ತಾ ಎಂದು ಮನೆಯಲ್ಲಿ ಕೂಗಾಡಿದೆ. ಎಲ್ಲರೆದುರೇ ತೋರಿಸಿಬಿಡುತ್ತೇನೆ ಎಂದು ತೀರ್ಮಾನ ಮಾಡಿದೆ.

ಭಾನುವಾರ ಡೇರಿಯಲ್ಲಿದ್ದ ಹಿಂಡಿ ಬೂಸಾ ಮೂಟೆಗಳನ್ನೆಲ್ಲ ಮೋಲ್ಡಿನ ಮೇಲೆ ಹೇರಿಸಿದೆ. ಯಾವ ಕಾಲಕ್ಕೂ ಅಷ್ಟು ಭಾರ ಅದರ ಮೇಲೆ ಬರುವ ಹಾಗಿರಲಿಲ್ಲ. ನಾನು ಸರಿಯಾಗಿ ನಡುವಿನಲ್ಲಿ, ಕೆಳಗೆ, ಸೊಂಟದ ಮೇಲೆ ಕೈಯಿಟ್ಟು ನಿಂತೆ. ಮೂಟೆ ಬಿದ್ದ ಹಾಗೆಲ್ಲ ಮೋಲ್ಡ್ ಕಣ್ಣಿಗೆ ಕಾಣುವಂತೆ ಇಳಿಯಿತು. ಬಿರುಕುಗಳು ಬಾಯಿ ಬಿಟ್ಟವು. ನನ್ನ ತಲೆಯ ಮೇಲೆ ಸಿಮೆಂಟಿನ ಪುಡಿ ಉದುರಿತು. ಆದರೆ ಅದು ಬೀಳಲಿಲ್ಲ. ಮೂಟೆಗಳನ್ನು ಇಳಿಸಿದ ಮೇಲೆ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೇ ಬಂತು. ನಾನು ಗೆದ್ದವಳ ಹಾಗೆ ಆಚೆ ಬಂದೆ.

ಬಾಗಿಲಲ್ಲಿ ರತ್ನಮ್ಮ ನಿಂತಿದ್ದಳು. ಊರಿನಲ್ಲಿ ಅವಳ ಬಾಯಿಗೆ ಎದುರಿಲ್ಲ. ಅವಳು ನನ್ನನ್ನು ನೋಡದೆ ಮೋಲ್ಡನ್ನೇ ನೋಡುತ್ತಾ, “ಈ ಮಾಳಿಗೆ ಉಸಿರಾಡ್ತದೆ ಕಣಮ್ಮ. ಅದ್ರ ಕೆಳಗೆ ನಾವು ಉಸಿರು ಬಿಗಿ ಇಡ್ಕೊಂಡು ನಿಂತ್ಕಬೇಕಾ?” ಎಂದಳು.

ಮಾತು ಅಲ್ಲಿಗೆ ಮುಗಿಯಿತು. ಬೀಳುವುದಿಲ್ಲ ಎಂದು ನಾನು ತೋರಿಸಲು ಹೋಗಿದ್ದೆ. ಜನ ನೋಡಿದ್ದು ಮಾಳಿಗೆ ಅಲುಗಾಡಿದ್ದನ್ನು. ಆವತ್ತಿನಿಂದ ಒಬ್ಬರೂ ಒಳಗೆ ಕಾಲಿಡಲಿಲ್ಲ. ಬಿಸಿಲು ಏರಿದ ಮೇಲೆ ಜಗಲಿಯಲ್ಲಿಟ್ಟ ಹಾಲು ಲಾರಿ ಬರುವಷ್ಟರಲ್ಲಿ ಹುಳಿಯಾಗತೊಡಗಿತು. ನಾಲ್ಕಾರು ಮನೆಯವರು ಸೈಕಲ್ಲಿನಲ್ಲಿ ಬರುವ ಹಾಲಿನವನಿಗೆ ಹಾಕತೊಡಗಿದರು. ಹೀಗೇ ಆದರೆ ಊರಿನ ಡೇರಿ ಮುಚ್ಚಿಹೋಗುತ್ತದೆ ಎಂದು ನಾರಾಯಣಸ್ವಾಮಿ ಅಣ್ಣ ಕಮಿಟಿಯಲ್ಲಿ ಹೇಳಿದರಂತೆ. ನನ್ನೆದುರು ಮಾತ್ರ ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಒಳಗೆ ಹೋಗುತ್ತಿದ್ದವಳು ಗಂಗತ್ತೆ ಒಬ್ಬಳೇ. ಎರಡು ಹೊತ್ತೂ ಕ್ಯಾನು ಎತ್ತಿಕೊಂಡು ಸೀದಾ ಒಳಗೆ ಹೋಗಿ, ಅಲ್ಲಿದ್ದ ದೊಡ್ಡ ಕ್ಯಾನಿಗೆ ಹಾಲು ಸುರಿದು ಬರುತ್ತಿದ್ದಳು. ಸಾಲಿನಲ್ಲಿ ಯಾರಾದರೂ ಕುಹಕವಾಡಿದರೆ, ನಮ್ ಹುಡುಗಿ ಲೆಕ್ಕ ಹಾಕಿ ಕಟ್ಟಿರೋದು ಎಂದು ಬಾಯಿ ಮುಚ್ಚಿಸುತ್ತಿದ್ದಳಂತೆ. ನೋಡಿ, ನಮ್ಮತ್ತೆಗೆ ಅಕ್ಷರ ಬರುವುದಿಲ್ಲ, ಆದರೂ ಅವಳಿಗಿರುವ ಧೈರ್ಯ ನಿಮಗಿಲ್ಲ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಹೀಗೆ ಸುಮಾರು ನಲವತ್ತು ದಿನ ಕಳೆಯಿತು.

ಒಂದು ಬೆಳಿಗ್ಗೆ ಬಿರುಕಿನ ಅಗಲ ಅಳೆಯೋಣ ಎಂದು ಎಲ್ಲರಿಗಿಂತ ಮೊದಲೇ ಡೇರಿಗೆ ಹೋಗಿದ್ದೆ. ಹಿಂಡಿ ಮೂಟೆಗಳ ಮರೆಯಲ್ಲಿ ಸ್ಟೂಲ್ ಇಳಿದು ಟೇಪು ಸುತ್ತುತ್ತಿದ್ದಾಗ ಬಾಗಿಲಿಗೆ ಅತ್ತೆ ಬಂದಳು. ನಾನಿರುವುದು ಅವಳಿಗೆ ಗೊತ್ತಿರಲಿಲ್ಲ. ಹೊಸಿಲ ಹತ್ತಿರ ನಿಂತು ಬಾಗಿಲ ಕಂಬ ಹಿಡಿದುಕೊಂಡಳು. ಮೇಲೆ ನೋಡಿ ಕಣ್ಣು ಮುಚ್ಚಿ ಏನೋ ಗೊಣಗಿಕೊಂಡಳು, ದೇವರ ಹೆಸರಿರಬೇಕು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕುತ್ತಿಗೆ ಕುಗ್ಗಿಸಿ, ಬೆನ್ನು ಬಗ್ಗಿಸಿ, ಓಡಿದ ಹಾಗೆ ಒಳಗೆ ಬಂದಳು. ಹಾಲು ಸುರಿದಳು. ಹಾಗೇ ಓಡಿ ಆಚೆ ಹೋದಳು. ಜಗಲಿಯ ಮೇಲೆ ಕೂತ ಮೇಲೇ ತಲೆಯ ಮೇಲಿನ ಸೆರಗು ಇಳಿಸಿದಳು.

ಟೇಪನ್ನು ಅಲ್ಲೇ ಬಿಟ್ಟೆ. ಆಚೆ ಬಂದು ಅವಳ ಪಕ್ಕ ಕೂತೆ. ನಿನಗೂ ಭಯಾನಾ ಅತ್ತೆ ಎಂದು ಕೇಳಿದೆ. ಕದ್ದು ಸಿಕ್ಕಿಬಿದ್ದವಳ ಹಾಗೆ ಅವಳು ಮೊದಲು ತಲೆ ತಗ್ಗಿಸಿದಳು.

“ಬೀಳಲ್ಲ ಅಂತ ನಂಗೊತ್ತು ಅಮ್ಮಣ್ಣಿ. ನಿನ್ ಲೆಕ್ಕ ಸರಿಯಾಗೇ ಇರ್ತದೆ. ಆದ್ರೆ ಒಳಗೆ ಕಾಲಿಟ್ಟಾಗೆಲ್ಲಾ ಒಂದ್ಸಲ ಸತ್ತು ಈಚೆಗೆ ಬತ್ತೀನಿ. ಒತ್ತಾರೆ ಒಂದ್ಸಲ, ಸಂಜೆ ಒಂದ್ಸಲ.”

“ಮತ್ತೆ ಯಾಕೆ ಹೋಗ್ತೀಯ?”

“ನಾನೂ ಓಗ್ದೆ ಇದ್ರೆ ಇನ್ಯಾರು ಓಗ್ತಾರೆ ಏಳು?”

ನನಗೆ ಅಳು ಬಂತು. ಅವಳು ನನ್ನ ಬೆನ್ನು ಸವರಿದಳು. ತಪ್ಪು ಮಾಡಿದವಳು ನಾನು, ಸಮಾಧಾನ ಮಾಡುತ್ತಿದ್ದವಳು ಅವಳು.

ಆವತ್ತು ನಾನು ಬಂಗಾರಪೇಟೆ ಬಸ್ಸು ಹತ್ತಲಿಲ್ಲ. ಊರ ಕೊನೆಯಲ್ಲಿದ್ದ ಮುನಿಸ್ವಾಮಿ ತಾತನ ಮನೆಗೆ ಹೋದೆ. ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ವೈಂಡಿಂಗ್ ಡ್ರೈವರಾಗಿದ್ದವನು. ಗಣಿಯೊಳಕ್ಕೆ ಜನರನ್ನು ಇಳಿಸಿ ಹತ್ತಿಸುವ ಕೇಜನ್ನು ಉಕ್ಕಿನ ಹಗ್ಗದಲ್ಲಿ ಬಿಡುವ, ಸೇದುವ ಯಂತ್ರ ಅವನ ಕೈಯಲ್ಲಿತ್ತು. ರಿಟೈರಾಗಿ ಬಂದು ಎರಡು ಹಸು ಸಾಕಿಕೊಂಡಿದ್ದ. ಮೂಟೆ ಹೇರಿದ ಭಾನುವಾರ ಅವನೂ ಬೀಡಿ ಸೇದುತ್ತಾ ನೋಡುತ್ತಿದ್ದುದು, ತಲೆ ಆಡಿಸುತ್ತಾ ಹೊರಟುಹೋದದ್ದು ನನಗೆ ನೆನಪಿತ್ತು.

ಎಲ್ಲ ಹೇಳಿದೆ. ಸಲಾಕೆ ಗಟ್ಟಿಯಿದೆ ತಾತ, ಎಲ್ಲಿ ತಪ್ಪಿದೆನೋ ತಿಳಿಯುತ್ತಿಲ್ಲ ಎಂದೆ. ಅವನು ಹಸುವಿಗೆ ಹುಲ್ಲು ಹಾಕಿ ಕೈ ಒರೆಸಿಕೊಂಡು ನಿಧಾನವಾಗಿ ಕೂತ.

“ನಮ್ಮ ಕೇಜಿನ ಅಗ್ಗ ನನ್ ಸರ್ವೀಸ್ನಾಗೆ ಒಂದಿನಾನೂ ಕಿತ್ತೋಗ್ಲಿಲ್ಲ ತಾಯಿ. ಆದ್ರೆ ತಳದಾಗೆ ಕೇಜಿಗೆ ತುಂಬಿದ ಟ್ರಾಲಿ ತಳ್ಳಿದ್ರೆ ಕೇಜು ಮೊಳದುದ್ದ ಕೆಳಕ್ಕೆ ಇಳಿಯೋದು. ಅಷ್ಟುದ್ದದ ಅಗ್ಗ, ಜಗ್ಗದೆ ಇರ್ತದಾ? ಒಸಬರು ಅಯ್ಯೋ ಅಂತ ಕಿರುಚ್ಕಳೋರು. ಕಿತ್ತೋಗೋ ಲೆಕ್ಕ ಬೇರೆ, ಜಗ್ಗೋ ಲೆಕ್ಕ ಬೇರೆ. ನೀನು ಒಂದೇ ಲೆಕ್ಕ ಮಾಡಿದ್ದೀಯ.”

ಇನ್ನೂ ಒಂದು ಮಾತು ಹೇಳಿದ. ಹಗ್ಗ ಕೀಳದ ಹಾಗೆ ನೋಡಿಕೊಳ್ಳುವುದು ಕಂಪನಿಯ ಕೆಲಸವಾಗಿತ್ತಂತೆ, ಕೇಜು ಕುಣಿಯದ ಹಾಗೆ ನಿಲ್ಲಿಸುವುದು ಅವನ ಕೆಲಸವಾಗಿತ್ತಂತೆ. ಕೇಜು ಕುಣಿದರೆ ಜನ ಹತ್ತುವುದಿಲ್ಲ, ಜನ ಹತ್ತದ ಕೇಜಿದ್ದು ಏನು ಪ್ರಯೋಜನ ಎಂದು ಕೇಳಿದ.

ಮನೆಗೆ ಬಂದು ಹಳೆಯ ಪುಸ್ತಕ ತೆಗೆದೆ. ನಾನು ಓದಿದ ಲೆಕ್ಕಗಳೆಲ್ಲ ಕಬ್ಬಿಣದ್ದು. ಕಬ್ಬಿಣಕ್ಕೆ ನಾಲ್ಕೂವರೆ ಇಂಚು, ಐದು ಇಂಚು ದಪ್ಪ ಎಂದು ರೂಢಿಯ ಪ್ರಕಾರ ಇಟ್ಟುಬಿಟ್ಟರೆ ಬಗ್ಗುವ ವಿಚಾರ ತಾನಾಗಿ ಸರಿಹೋಗುತ್ತಿತ್ತು, ಅದಕ್ಕೇ ಯಾರೂ ಅದನ್ನು ಬೇರೆಯಾಗಿ ನೋಡುತ್ತಿರಲಿಲ್ಲ. ಶ್ರೀನಿವಾಸನ ಶೆಡ್ಡಿಗೆ ಹೋಗಿ ಮತ್ತೆ ತೂಕ ಕಟ್ಟಿದೆವು. ಈ ಸಲ ಯಾವಾಗ ಮುರಿಯುತ್ತದೆ ಎಂದು ಕಾಯಲಿಲ್ಲ, ಎಷ್ಟು ಉದ್ದವಾಗುತ್ತದೆ ಎಂದು ಅಳೆದೆವು. ಅಷ್ಟೇ ಭಾರಕ್ಕೆ ಕಬ್ಬಿಣಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಹಿಗ್ಗುತ್ತಿತ್ತು. ಅದರ ಮೇಲೆ ನಾನು ಜಾಣತನ ತೋರಿಸಿ ಸಲಾಕೆಗಳ ಸಂಖ್ಯೆಯನ್ನೂ ಕಡಿಮೆ ಮಾಡಿದ್ದೆ. ಮುರಿಯದ ಮಾಳಿಗೆ ಕಟ್ಟಿದ್ದೆ, ಕೆಳಗೆ ಯಾರೂ ನಿಲ್ಲಲಾಗದ ಮಾಳಿಗೆ ಕಟ್ಟಿದ್ದೆ.

ಮುನಿಸ್ವಾಮಿ ತಾತ ಗೋಡೆಯಿಂದ ಗೋಡೆಗೆ ಒಂದು ದಾರ ಬಿಗಿದು, ಮೋಲ್ಡಿಗೂ ದಾರಕ್ಕೂ ನಡುವಿನ ಅಂತರವನ್ನು ದಿನಾ ಬೆಳಿಗ್ಗೆ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿಸಿದ. ಹತ್ತು ದಿನ ನೋಡಿದೆವು. ಮೋಲ್ಡ್ ಇನ್ನೂ ಕೂದಲೆಳೆಯಷ್ಟು ಇಳಿಯುತ್ತಲೇ ಇತ್ತು. ಅದಕ್ಕೆ ನಡುವೆ ಒಂದು ತಾಂಗು, ಅಂದರೆ ಆಸರೆ, ಕೊಡಲೇಬೇಕು ಎಂದು ಇಬ್ಬರಿಗೂ ಖಾತ್ರಿಯಾಯಿತು.

ಆ ಸಂಜೆ ಹಾಲಿನ ಸಾಲಿನ ಮುಂದೆ ನಿಂತು ಹೇಳಿದೆ. ತಪ್ಪು ನನ್ನದೇ, ನಿಮ್ಮ ಭಯ ಸರಿಯಾಗೇ ಇತ್ತು, ನಿಮ್ಮನ್ನು ತಿಳಿಯದವರು ಎಂದು ಬೈದದ್ದು ನಾನು ಮಾಡಿದ ಇನ್ನೊಂದು ತಪ್ಪು ಎಂದೆ. ರತ್ನಮ್ಮ ಕ್ಯಾನನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡು, “ಆಯ್ತು ಬಿಡಮ್ಮ, ಈಗೇನು ಮಾಡ್ತೀಯ ಅದನ್ನೇಳು” ಎಂದಳು. ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಗಣಿಯ ಕಡೆಯ ಮನೆಗಳಲ್ಲಿ ಟ್ರಾಲಿಯ ಹಳೆಯ ಕಂಬಿ, ಅಂದರೆ ರೈಲು ಕಂಬಿಯಂಥದ್ದನ್ನೇ, ತೊಲೆಯ ಬದಲು ಹಾಕುವುದು ಆಗಿನ ರೂಢಿ. ಮುನಿಸ್ವಾಮಿ ತಾತನ ದನದ ಕೊಟ್ಟಿಗೆಗೂ ಅಂಥದ್ದೇ ಇತ್ತು. ಅವನು ಕೊಟ್ಟಿಗೆಗೆ ಮರದ ತೊಲೆ ಕೊಟ್ಟುಕೊಂಡು ಆ ಕಂಬಿಯನ್ನು ಡೇರಿಗೆ ಕೊಟ್ಟ. ಉಳಿದ ಎರಡು ಗೋಡೆಗಳಲ್ಲಿ ಗೂಡು ಕೊರೆದು, ನಟ್ಟನಡುವೆ ಒಂದು ಇಟ್ಟಿಗೆಯ ಕಂಬ ಎಬ್ಬಿಸಿ, ಕಂಬಿಯನ್ನು ಅಡ್ಡಲಾಗಿ ಕೂರಿಸಿದೆವು. ಲಾರಿಯ ಜಾಕಿ ಇಟ್ಟು ಮೋಲ್ಡನ್ನು ಮೇಲೆತ್ತಿ ನೆಟ್ಟಗೆ ಮಾಡೋಣ ಎಂದು ಮೇಸ್ತ್ರಿ ಹೊರಟಾಗ ನಾನು ಬೇಡ ಎಂದೆ. ಎತ್ತಿದರೆ ಮೇಲ್ಭಾಗ ಬಿರಿಯುತ್ತದೆ, ಇಳಿದಿರುವ ಜಾಗದಲ್ಲೇ ಹಿಡಿದು ನಿಲ್ಲಿಸು ಸಾಕು ಎಂದೆ. ತಾತ ಹೌದೆಂಬಂತೆ ತಲೆ ಆಡಿಸಿದ. ಹದಿನಾಲ್ಕು ಅಡಿಯ ದಾರಿ ಏಳೇಳು ಅಡಿಯಾಯಿತು. ಮತ್ತೆ ಮೂಟೆ ಹೇರಿದೆವು. ಈ ಸಲ ಊರಿಗೆ ತೋರಿಸಲು ಅಲ್ಲ, ನಮಗೆ ತಿಳಿಯಲು. ದಾರದ ಮೇಲಿನ ಅಂತರ ಕದಲಲಿಲ್ಲ.

ಮರುದಿನದಿಂದ ಜನ ತಕ್ಷಣ ಒಳಗೆ ನುಗ್ಗಿದರು ಎಂದರೆ ಸುಳ್ಳಾಗುತ್ತದೆ. ಮೊದಲು ಅತ್ತೆ, ಎರಡು ದಿನ ಬಿಟ್ಟು ರತ್ನಮ್ಮ, ಆಮೇಲೆ ಒಂದೊಂದೇ ಮನೆ. ಸೈಕಲ್ಲಿನವನಿಗೆ ಹಾಕುತ್ತಿದ್ದವರೂ ವಾಪಸ್ಸು ಬಂದರು. ಒಂದು ತಿಂಗಳ ಮೇಲೆ ಒಂದು ಸಂಜೆ ನಾನು ಬಸ್ಸಿಳಿದು ಡೇರಿಯ ಮುಂದೆ ಬರುತ್ತಿದ್ದಾಗ ಒಳಗಿನಿಂದ ಗಲಾಟೆ ಕೇಳಿಸಿತು. ಗಾಬರಿಯಾಗಿ ಓಡಿದೆ. ಒಳಗೆ ಹತ್ತು ಹದಿನೈದು ಹೆಂಗಸರು ನೆಲದ ಮೇಲೆ ಆರಾಮಾಗಿ ಕೂತು ಹರಟುತ್ತಿದ್ದರು. ಒಬ್ಬಳು ಮಗುವಿಗೆ ಹಾಲು ಕುಡಿಸುತ್ತಿದ್ದಳು. ನನ್ನನ್ನು ನೋಡಿದ್ದೇ ಅತ್ತೆ ದಬಾಯಿಸಿದಳು.

“ಏನೇ, ಇಂಗಾ ಕಂಬ ನಿಲ್ಸೋದು? ಸರಿಯಾಗಿ ನಡುವೆ. ಕ್ಯಾನು ತರೋಕೆ ಓಗೋಕೆ ಎಲ್ಲಾ ಅಡ್ಡ. ಮೊಣಕೈ ತರಚ್ಕಂಡೋಯ್ತು ನೋಡು.”

ಎಲ್ಲರೂ ನಕ್ಕರು. ಆ ಬೈಗುಳ ಕೇಳಿ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಒಬ್ಬರೂ ಮಾಳಿಗೆಯ ಕಡೆ ನೋಡುತ್ತಿರಲಿಲ್ಲ. ಅದೊಂದು ಅಲ್ಲಿದೆ ಎಂಬುದೇ ಅವರಿಗೆ ಮರೆತುಹೋಗಿತ್ತು.

ಆಮೇಲೆ ನಾನು ಎಷ್ಟೋ ಮನೆಗಳಿಗೆ ನಕ್ಷೆ ಬರೆದೆ. ಒಂದೊಂದಕ್ಕೂ ಎರಡು ಲೆಕ್ಕ ಹಾಕುತ್ತೇನೆ. ಮುರಿಯುವುದಿಲ್ಲವೇ ಎಂಬುದು ಮೊದಲನೆಯದು. ಇದರ ಕೆಳಗೆ ಜನ ಭಯವಿಲ್ಲದೆ ಕೂತು ಹರಟಬಲ್ಲರೇ ಎಂಬುದು ಎರಡನೆಯದು. ತಾತ ಹೋದ, ಗಣಿಯೂ ಮುಚ್ಚಿತು, ಗಂಗತ್ತೆಯೂ ಈಗ ಇಲ್ಲ.

ಅವಳು ಹಾಸಿಗೆ ಹಿಡಿದಿದ್ದಾಗ ಒಂದು ಮಧ್ಯಾಹ್ನ ಕಾಲೊತ್ತುತ್ತಾ ಕೇಳಿದ್ದೆ, ಅತ್ತೆ, ಮೊದಲನೇ ದಿನವೇ ಭಯ ಆಗ್ತದೆ ಅಂತ ನನಗೊಂದು ಮಾತು ಯಾಕೆ ಹೇಳಲಿಲ್ಲ ಎಂದು. ಅವಳು ಸೂರಿನ ಕಡೆ ನೋಡುತ್ತಾ ನಕ್ಕಳು.

“ಏಳಿದ್ರೆ ಕೇಳ್ತಿದ್ದೆಯಾ?”

ಕೇಳುತ್ತಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಕೇಳಿಸಿಕೊಳ್ಳುವವರೆಗೂ ಅವಳು ಆ ಮಾಳಿಗೆಯ ಕೆಳಗೆ ಹೋಗುತ್ತಲೇ ಇದ್ದಳು.